ಬಳುಕುವ ಹುಳು, ಉಗುಳುವ ಮೀನು

ಬಾಸ್ ಎಂಬ ಸಿಹಿನೀರಿನ ಬೇಟೆಮೀನು ಗಾಳಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಹುಳುವನ್ನು ಕಚ್ಚುವುದಕ್ಕಿಂತ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬಾಯಿಯನ್ನು ದಿಢೀರನೆ ಅಗಲಿಸಿದಾಗ ಒಳಗೆ ಒತ್ತಡ ಕುಸಿಯುತ್ತದೆ. ನೀರು ಒಳನುಗ್ಗುತ್ತದೆ, ನೀರಿನ ಜೊತೆಗೇ ಹುಳುವೂ. ಒಳಬಂದದ್ದು ತಿನ್ನುವ ವಸ್ತುವಲ್ಲ ಎನಿಸಿದರೆ ಅಷ್ಟೇ ಚುರುಕಾಗಿ ಉಗುಳಿಬಿಡುತ್ತದೆ. ಗಾಳ ಹಿಡಿದವನಿಗೆ ದಕ್ಕುವುದು ಹೀರುವುದಕ್ಕೂ ಉಗುಳುವುದಕ್ಕೂ ನಡುವಿನ ಪುಟ್ಟ ಬಿಡುವು. ಹುಳು ಮೆತ್ತಗಿದ್ದಷ್ಟೂ ಆ ಬಿಡುವು ಹಿಗ್ಗುತ್ತದೆ ಎಂಬುದು ಗಾಳಗಾರರ ನಂಬಿಕೆ. ನನಗೂ ಅದರಲ್ಲಿ ಹುರುಳಿದೆ ಎನಿಸುತ್ತದೆ.

ಅಮೆರಿಕದ ಒಹಾಯೊ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ 1949ರಲ್ಲಿ ಇಂಥ ಪ್ಲಾಸ್ಟಿಕ್ ಹುಳುವನ್ನು ಎರಕ ಹೊಯ್ದರು. ಸಾಮಗ್ರಿ ಪಿವಿಸಿ, ಅಂದರೆ ನೀರಿನ ಪೈಪು ಮಾಡುವ ಪ್ಲಾಸ್ಟಿಕ್ಕೇ. ಪೈಪು ಸೆಟೆದು ನಿಲ್ಲುತ್ತದೆ, ಹುಳು ಬಳುಕುತ್ತದೆ. ವ್ಯತ್ಯಾಸವೆಲ್ಲ ಅದರೊಳಗೆ ಬೆರೆಸಿದ ಎಣ್ಣೆಯಂಥ ದ್ರವದ್ದು. ಪಿವಿಸಿಯ ಉದ್ದುದ್ದ ಅಣುಸರಪಳಿಗಳ ನಡುವೆ ಈ ದ್ರವ ನುಸುಳಿ, ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಮಿಶ್ರಣವನ್ನು ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಹಾಲಿನಂತಿದ್ದದ್ದು ತಿಳಿಪಾಕವಾಗುತ್ತದೆ. ಅಚ್ಚಿಗೆ ಹೊಯ್ದು ತಣಿಸಿದರೆ ಹುಳು ಸಿದ್ಧ. ಆದರೆ ಚಳಿ ಹೆಚ್ಚಾದಂತೆ ಆ ಸರಪಳಿಗಳ ಜಾರುವಿಕೆ ಕುಗ್ಗುತ್ತದೆ. ಅಂಗೈಯಲ್ಲಿ ನುಲಿಯುವ ಹುಳು ತಣ್ಣೀರಿನಲ್ಲಿ ಕಡ್ಡಿಯಾಗಬಹುದು.

ಫಿನೆಸ್ ಎಂಬ ನಾಜೂಕಿನ ವಿಧಾನ ಬೇಕಾಗುವುದು ಹೆಚ್ಚಾಗಿ ಅಂಥ ಹೊತ್ತಿನಲ್ಲೇ. ಬಾಸ್ ಶೀತರಕ್ತದ ಪ್ರಾಣಿ. ನೀರು ತಣ್ಣಗಾದರೆ ಅದರ ಜೀರ್ಣಕ್ರಿಯೆಯೂ ಮಂದ, ಬೆನ್ನಟ್ಟುವ ಉತ್ಸಾಹವೂ ಮಂದ. ಆಗ ತೆಳು ದಾರ, ಹಗುರ ತೂಕ, 10ರಿಂದ 15 ಸೆಂಟಿಮೀಟರ್ ಉದ್ದದ ಸಪೂರ ಹುಳು. ಸುರುಳಿ ಬಾಲದ ಹುಳು ನೀರನ್ನು ಕಲಕಿ ಗದ್ದಲವೆಬ್ಬಿಸುತ್ತದೆ. ಮೀನಿನ ಮೈಪಕ್ಕದ ಸಂವೇದನಾ ರೇಖೆಗೆ ಅದು ದೂರದಿಂದಲೇ ಗೊತ್ತಾಗುತ್ತದೆ. ಕಲಕು ನೀರಿನಲ್ಲಿ ಅದು ಒಳ್ಳೆಯದೇ. ತಿಳಿನೀರಿನಲ್ಲಿ, ಅಳುಕಿದ ಮೀನಿನ ಮುಂದೆ, ನನ್ನ ಆಯ್ಕೆ ನೇರ ಬಾಲದ್ದು.

ಇನ್ನು ಮುಳುಗುವ ಬಗೆ. ಒಂದು ಗಾಜಿನ ಜಾಡಿಯಲ್ಲಿ ನೀರು ತುಂಬಿ ಮೂರು ಬಗೆಯ ಹುಳುಗಳನ್ನು ಬಿಟ್ಟು ನೋಡಿ. ಉಪ್ಪು ಬೆರೆಸಿದ ಪಿವಿಸಿ ಹುಳು ಸರ್ರನೆ ತಳ ಸೇರುತ್ತದೆ, ಏಕೆಂದರೆ ಉಪ್ಪಿನ ಸಾಂದ್ರತೆ ನೀರಿನ ಎರಡು ಪಟ್ಟಿಗಿಂತ ಹೆಚ್ಚು. ಉಪ್ಪಿಲ್ಲದ್ದು ಅವಸರವಿಲ್ಲದೆ ಇಳಿಯುತ್ತದೆ. ಟಿಪಿಇ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನದು ತೇಲುತ್ತದೆ. ಉಪ್ಪು ಹಾಕುವುದು ರುಚಿಗೆ ಎಂದು ಪೊಟ್ಟಣದ ಮೇಲೆ ಬರೆದಿರಬಹುದು, ಆದರೆ ನಾನು ಉಪ್ಪನ್ನು ತೂಕವೆಂದೇ ಎಣಿಸುತ್ತೇನೆ. ಉಪ್ಪಿನ ಹುಳುವಿನ ನಡು ಸೊಂಟಕ್ಕೆ ಕೊಕ್ಕೆ ಚುಚ್ಚಿ, ಸೀಸದ ತೂಕ ಕಟ್ಟದೆ ಬಿಟ್ಟರೆ ಎರಡೂ ತುದಿಗಳು ನಡುಗುತ್ತಾ ಇಳಿಯುತ್ತವೆ. ಟಿಪಿಇ ಹುಳುವಿಗೆ ಸಣ್ಣ ಸೀಸದ ತಲೆ ಕಟ್ಟಿದರೆ ತಲೆ ತಳಕ್ಕೆ ಊರಿ, ಬಾಲ ಮೇಲೆದ್ದು ನಿಲ್ಲುತ್ತದೆ. ಎಳೆಯದೆ ಸುಮ್ಮನೆ ಬಿಟ್ಟರೂ ನೀರಿನ ಅಲುಗಾಟವೇ ಅದನ್ನು ತೂಗಾಡಿಸುತ್ತದೆ. ಆದರೆ ಉಪ್ಪು ಹೆಚ್ಚಿದಷ್ಟೂ ಹುಳು ಬೇಗ ಹರಿದುಹೋಗುತ್ತದೆ; ನಾಲ್ಕೈದು ಮೀನಿಗೇ ಒಂದರ ಕಥೆ ಮುಗಿಯಬಹುದು.

ಬಣ್ಣದ ಬಗ್ಗೆ ಗಂಟೆಗಟ್ಟಲೆ ವಾದಿಸುವವರಿದ್ದಾರೆ. ಬಾಸ್ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು, ಕೆಂಪು ಮತ್ತು ಹಸಿರಿಗೆ ಸ್ಪಂದಿಸುವಂಥವು. ಕಡುನೀಲಿಯನ್ನೂ ಕಪ್ಪನ್ನೂ ಅದು ಬೇರ್ಪಡಿಸಿ ನೋಡುವುದು ಕಷ್ಟ. ಮೇಲಾಗಿ ಆಳಕ್ಕೆ ಇಳಿದಂತೆ ಕೆಂಪು ಬೆಳಕನ್ನು ನೀರೇ ನುಂಗಿಹಾಕುತ್ತದೆ. ತಿಳಿನೀರಿಗೆ ಒಂದು ಮಂದ ಹಸಿರು, ಕಲಕು ನೀರಿಗೆ ಒಂದು ಕಪ್ಪು ಇದ್ದರೆ ನನಗೆ ಸಾಕು.

ಒಮ್ಮೆ ಪಿವಿಸಿ ಮತ್ತು ಟಿಪಿಇ ಹುಳುಗಳನ್ನು ಒಂದೇ ಡಬ್ಬಿಯಲ್ಲಿಟ್ಟು ಮರೆತಿದ್ದೆ. ಮತ್ತೆ ತೆರೆದಾಗ ಇದ್ದದ್ದು ಬೆರಳಿಗಂಟುವ ಒಂದು ಬಣ್ಣಬಣ್ಣದ ಮುದ್ದೆ. ಹುಳುವಿಗೆ ಬಳುಕು ಕೊಟ್ಟ ಆ ಎಣ್ಣೆಯೇ ಪಿವಿಸಿಯಿಂದ ಸೋರಿ ಪಕ್ಕದವುಗಳನ್ನು ಕರಗಿಸಿತ್ತು. ಡಬ್ಬಿಯೂ ಉಳಿಯಲಿಲ್ಲ.