ಭ್ರೂಣ ಆರಿಸೋದು ಬೇರೆ, ಗಟ್ಟಿ ಮಾಡೋದು ಬೇರೆ
ರಾಯಚೂರಲ್ಲಿ ಐವಿಎಫ್ ಲ್ಯಾಬ್, ಅಂದ್ರೆ ದೇಹದ ಹೊರಗೆ ಭ್ರೂಣ ಬೆಳೆಸೋ ಲ್ಯಾಬ್ ನೋಡ್ಕೊಳ್ಳೋದು ನನ್ನ ಕೆಲಸ. ಜೀನ್ ಎಕ್ಸ್‌ಪ್ರೆಷನ್ ನೋಡಿ ಒಳ್ಳೇ ಭ್ರೂಣ ಆರಿಸ್ತಾರೆ ಅನ್ನೋ ಸುದ್ದಿ ಮೊಬೈಲಲ್ಲಿ ತೋರಿಸಿ ಜನ ಕೇಳೋದು ಒಂದೇ, "ಮೇಡಂ, ಈ ಜೀನ್ ಟೆಸ್ಟ್ ಮಾಡ್ಸಿದ್ರ ಬಸಿರು ಪಕ್ಕಾ ನಿಲ್ತದ ಅಲ್ರಿ?" ಇಲ್ಲ. ಹೇಳಿ ಹೇಳಿ ಸಾಕಾಗಿದೆ, ಆದ್ರೂ ಹೇಳ್ಲೇಬೇಕು, ಯಾಕಂದ್ರೆ ಹೊಲ ಅಡವಿಟ್ಟು ದುಡ್ಡು ತಂದಿರ್ತಾರೆ.

ಮೊದ್ಲು ಎರಡು ಟೆಸ್ಟ್ ಕಲಸಬೇಡಿ. ಐದಾರು ದಿನದ ಭ್ರೂಣದ ಹೊರಪದರದಿಂದ ಒಂದಿಷ್ಟು ಜೀವಕೋಶ ತೆಗೆದು ಕ್ರೋಮೋಸೋಮ್ (ಜೀನ್‌ಗಳನ್ನ ಹೊತ್ತಿರೋ ಎಳೆ) ಲೆಕ್ಕ ನೋಡೋದು ಬಳಕೆಯಲ್ಲಿದೆ. ಜೀನ್ ಎಕ್ಸ್‌ಪ್ರೆಷನ್ ಅದಲ್ಲ, ಜೀನ್ ಈಗ ಎಷ್ಟು ಕೆಲಸ ಮಾಡ್ತಿದೆ ಅನ್ನೋದು. ನಮ್ಮ ಎಡದಂಡೆ ಕಾಲುವೆಯಲ್ಲಿ ತೂಬು ಇದೆ ಅನ್ನೋದು ಬೇರೆ, ಇವತ್ತು ಅದರಲ್ಲಿ ಎಷ್ಟು ನೀರು ಬಿಟ್ಟಿದ್ದಾರೆ ಅನ್ನೋದು ಬೇರೆ ಅಲ್ವಾ, ಜೀನ್ ತೂಬು, ಎಕ್ಸ್‌ಪ್ರೆಷನ್ ನೀರು, ಆ ನೀರನ್ನ ಜೀನ್‌ನಿಂದ ಹೊರಡೋ ನಕಲು, ಅಂದ್ರೆ ಆರ್‌ಎನ್‌ಎ ಲೆಕ್ಕದಲ್ಲಿ ಅಳೀತಾರೆ.

ಅದೂ ಹೆಚ್ಚಾಗಿ ಭ್ರೂಣದಲ್ಲಿ ಅಳೆಯೋದಲ್ಲ. ಅಂಡಾಣು ಹೊರಗೆ ತೆಗೆದಾಗ ಸುತ್ತ ಬಿರಿದ ಹತ್ತಿ ಹಂಗೆ ಕ್ಯುಮುಲಸ್ ಜೀವಕೋಶಗಳು ಅಂಟಿರ್ತವೆ. ಇಕ್ಸಿ (ಒಂದೇ ವೀರ್ಯಾಣುವನ್ನ ಸೂಜಿಯಿಂದ ಅಂಡಾಣು ಒಳಗೆ ಬಿಡೋದು) ಮಾಡೋ ಮುಂಚೆ ಎಂಜೈಮ್ ಹಾಕಿ, ಸಣ್ಣ ಪಿಪೆಟ್‌ನಲ್ಲಿ ಎಳೆದು ಬಿಟ್ಟು ಎಳೆದು ಬಿಟ್ಟು ಬಿಡಿಸ್ತೀನಿ, ಆ ಹತ್ತಿ ಕಸಕ್ಕೆ ಹೋಗ್ತದೆ. ಸಂಶೋಧಕರು ಅದನ್ನೇ ಹಿಡ್ಕೊಂಡು ಎಚ್‌ಎಎಸ್2, ಗ್ರೆಮ್1 ಇಂಥ ಜೀನ್‌ಗಳ ಮಟ್ಟ ನೋಡಿ ಅಂಡಾಣು ಎಷ್ಟು ಗಟ್ಟಿ ಅಂತ ಅಂದಾಜು ಮಾಡ್ತಾರೆ. ಭ್ರೂಣಕ್ಕೆ ಕೈ ಹಚ್ಚೋದೇ ಬೇಡ, ಅದಕ್ಕೇ ನನಗೂ ಇದರ ಮೇಲೆ ಆಸೆ. ಆದ್ರೆ ವೀರ್ಯ ಹೆಂಗಿದೆ ಅಂತ ಅದು ಹೇಳಲ್ಲ, ಅಧ್ಯಯನದಿಂದ ಅಧ್ಯಯನಕ್ಕೆ ಫಲಿತಾಂಶನೂ ಹೊಂದಲ್ಲ, ಹಾಗಾಗಿ ಎಲ್ಲರಿಗೂ ಮಾಡಿಸಿ ಅನ್ನೋ ಹಂತಕ್ಕೆ ಬಂದಿಲ್ಲ.

ಈಗ ಅಸಲು ಮಾತು. ನಿಮ್ಮ ಹತ್ರ ಮೂರು ಭ್ರೂಣ ಇವೆ ಅನ್ಕೊಳ್ಳಿ, ಅದರಲ್ಲಿ ನಿಲ್ಲೋದು ಒಂದೇ. ಟೆಸ್ಟ್ ಸರಿ ಹೇಳಿದ್ರೆ ಅದನ್ನ ಮೊದಲ ಸಲವೇ ಗರ್ಭಕೋಶದಲ್ಲಿ ಇಡ್ತೀವಿ, ಟೆಸ್ಟ್ ಇಲ್ದಿದ್ರೆ ಎರಡನೇ ಸಲವೋ ಮೂರನೇ ಸಲವೋ ಅದರ ಪಾಳಿ ಬರ್ತದೆ, ಆದ್ರೆ ನಿಲ್ಲೋದು ಆಗಲೂ ಒಂದೇ, ಈಗಲೂ ಒಂದೇ. ಟೆಸ್ಟಿಂದ ಉಳಿತಾಯ ಆಗೋದು ಸಮಯ, ಒಂದೆರಡು ಸಲದ ಖರ್ಚು, ಫೇಲ್ ಆದ ದಿನದ ಅಳು. ಅದೇನು ಸಣ್ಣದಲ್ಲ, ಒಪ್ತೀನಿ. ಆದ್ರೆ ಟೆಸ್ಟಿಂದ ಭ್ರೂಣ ಗಟ್ಟಿ ಆಗಲ್ಲ. ಟೆಸ್ಟ್ ತಪ್ಪು ಹೇಳಿದ್ರೆ ನಿಲ್ಲೋದನ್ನೇ ಪಕ್ಕಕ್ಕಿಟ್ಟ ಹಂಗಾಗ್ತದೆ. ಇರೋದೇ ಒಂದು ಭ್ರೂಣ ಅಂದ್ರೆ ಆರಿಸೋದು ಏನನ್ನ? ವಯಸ್ಸು, ಪದೇ ಪದೇ ಗರ್ಭಪಾತ ಇಂಥವು ಇದ್ರೆ ಕ್ರೋಮೋಸೋಮ್ ಟೆಸ್ಟಿನ ಮಾತು ಬೇರೆ ಇರಬಹುದು, ನಿಮ್ಮ ಡಾಕ್ಟರ್ ಜೊತೆ ಕೂತು ಮಾತಾಡಿ. ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ, 1994ರ ಲಿಂಗ ಪತ್ತೆ ತಡೆ ಕಾಯ್ದೆ ಪ್ರಕಾರ ಅದು ಅಪರಾಧ.

ಸಿಂಧನೂರು ಕಡೆ ಒಬ್ಬ ಹುಡುಗಿ ಬಂದಿದ್ಲು, ಎರಡೇ ಭ್ರೂಣ. ಗಂಡ ಟೆಸ್ಟ್ ಬೇಕೇ ಬೇಕು ಅಂತಿದ್ದ. ನಾನು ಅರ್ಧ ತಾಸು ಹೇಳಿದ್ದನ್ನ ಅವಳ ಅತ್ತೆ ಎರಡು ಮಾತಲ್ಲಿ ಹೇಳಿದ್ರು, "ಉಪ್ಪುನೀರಾಗ ಭತ್ತದ ಬೀಜ ಹಾಕಿದ್ರ ಜೊಳ್ಳು ತೇಲ್ತದಪಾ, ಗಟ್ಟಿ ಕಾಳು ಎಷ್ಟಿತ್ತೋ ಅಷ್ಟ ಇರ್ತದ." ಆಮೇಲೆ ನನ್ನ ಕಡೆ ತಿರುಗಿ, "ಎರಡೂ ಕೆಡದಂಗ ಇಡ್ರಿ ಅಮ್ಮಾ, ನಾಟಿ ಮುಗಿಸ್ಕೊಂಡು ಬರ್ತೀವಿ" ಅಂದ್ರು. ಎರಡೂ ಈಗ ಮೈನಸ್ 196 ಡಿಗ್ರಿಯ ನೈಟ್ರೋಜನ್ ಟ್ಯಾಂಕಲ್ಲಿವೆ, ಅವರ ಫೋನಿಗೆ ಕಾಯ್ತಿದ್ದೀನಿ.