ಕ್ಲೇಮಿನ ಕಡತಕ್ಕೆ ಬಾರದ ನೋವು

ಅಪಘಾತದ ಕ್ಲೇಮನ್ನು ಹಲವು ವಿಮಾ ಕಂಪನಿಗಳಲ್ಲಿ ಈಗ ಮೊದಲು ಓದುವುದು ತಂತ್ರಾಂಶ. ಕೃತಕ ಬುದ್ಧಿಮತ್ತೆಯ ಒಂದು ಮಾದರಿ, ಅಂದರೆ ಹಳೆಯ ಉದಾಹರಣೆಗಳಿಂದ ಕಲಿತ ತಂತ್ರಾಂಶ, ಜಖಂಗೊಂಡ ವಾಹನದ ಫೋಟೊ ನೋಡಿ ರಿಪೇರಿ ಖರ್ಚನ್ನು ಅಂದಾಜಿಸುತ್ತದೆ. ಇನ್ನೊಂದು ಆಸ್ಪತ್ರೆಯ ಕಾಗದಗಳಿಂದ ಗಾಯದ ಕೋಡ್ (ಯಾವ ಗಾಯವೆಂದು ಗುರುತಿಸುವ ಸಂಕೇತ), ಚಿಕಿತ್ಸೆಯ ದಿನಾಂಕ, ಬಿಲ್ಲಿನ ಮೊತ್ತಗಳನ್ನು ಹೆಕ್ಕುತ್ತದೆ. ಮತ್ತೊಂದು, ಮೋಸದ ಶಂಕೆ ಎಷ್ಟೆಂದು ಅಂಕ ಕೊಡುತ್ತದೆ. ಬರೀ ತಗಡು ತಗ್ಗಿದ್ದರೆ ಇದರಿಂದ ಹಣ ಬೇಗ ಕೈಸೇರುತ್ತದೆ. ಮೈಗೆ ಪೆಟ್ಟು ಬಿದ್ದಾಗ ಲೆಕ್ಕ ತಪ್ಪುವ ಸಾಧ್ಯತೆ ಹೆಚ್ಚು.

ಹಿಂದಿನಿಂದ ಗುದ್ದಿಸಿಕೊಂಡವರ ಕತ್ತಿನ ಉಳುಕನ್ನೇ ನೋಡಿ. ಎಷ್ಟೋ ಸಲ ನೋವು ಕಾಣಿಸಿಕೊಳ್ಳುವುದು ಕೆಲವು ಗಂಟೆಗಳ ನಂತರ ಅಥವಾ ಮರುದಿನ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಎಳೆದುಹೋದ ಸ್ನಾಯು ಕಾಣುವುದಿಲ್ಲ. ಹಾಗಾಗಿ ವೈದ್ಯರು ಬರೆದದ್ದೇ ಮುಖ್ಯ ಸಾಕ್ಷಿ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 10ನೇ ಆವೃತ್ತಿಯಲ್ಲಿ ಈ ಗಾಯದ ಕೋಡ್ ಎಸ್13.4. ಬರೀ ‘ಕತ್ತು ನೋವು’ ಎಂದು ಬರೆದರೆ ಅದು ಎಂ54.2 ಆಗುತ್ತದೆ. ಮೊದಲನೆಯದು ಗಾಯಗಳ ಅಧ್ಯಾಯದ್ದು, ಎರಡನೆಯದು ಮೂಳೆ-ಸ್ನಾಯುಗಳ ಕಾಯಿಲೆಗಳದ್ದು. ಅದೇ ನೋವು, ಆದರೆ ಎರಡನೆಯ ಕೋಡ್ ಬಿದ್ದರೆ ಅಪಘಾತದ ಜೊತೆಗಿನ ನಂಟು ತಂತ್ರಾಂಶದ ಕಣ್ಣಿಗೆ ಸಡಿಲವಾಗುತ್ತದೆ. ಚಿಕಿತ್ಸೆಯ ನಡುವೆ ಎರಡು-ಮೂರು ವಾರ ಬಿಡುವು ಬಂದರೆ ಅದು ‘ವಾಸಿಯಾಗಿದೆ’ ಎಂಬ ಅರ್ಥ ಪಡೆಯಬಹುದು. ಬಿಡುವಿಗೆ ಹಣದ ಅಡಚಣೆಯೇ ಕಾರಣವಾಗಿದ್ದರೂ ಅದು ಯಾವ ಕೋಡಿನಲ್ಲೂ ಇರುವುದಿಲ್ಲ. ಆದ್ದರಿಂದ ಅಪಘಾತದ ದಿನಾಂಕ, ಪೆಟ್ಟು ಬಿದ್ದ ರೀತಿ, ನೋವು ಶುರುವಾದ ಹೊತ್ತು, ಕತ್ತು ಎಷ್ಟು ತಿರುಗುತ್ತದೆ, ಯಾವ ಕೆಲಸ ಆಗುತ್ತಿಲ್ಲ ಎಂಬುದನ್ನೆಲ್ಲ ಮೊದಲ ಭೇಟಿಯಲ್ಲೇ ಬರೆಸಿಕೊಳ್ಳಬೇಕು.

ವಾಹನಕ್ಕೆ ಹೆಚ್ಚು ಜಖಂ ಆಗಿಲ್ಲವಾದ್ದರಿಂದ ಮನುಷ್ಯನಿಗೂ ಆಗಿರಲಾರದು ಎಂಬ ಊಹೆ ಇನ್ನೊಂದು ಅಪಾಯ. ಗಡುಸಾದ ಬಂಪರ್ ತಗ್ಗದೆ ಉಳಿಯಬಹುದು, ಆದರೆ ತಗ್ಗದ ಬಂಪರ್ ಹೊಡೆತವನ್ನು ಹೀರಿಕೊಳ್ಳುವುದೂ ಕಡಿಮೆ. ತಲೆ ಪಕ್ಕಕ್ಕೆ ತಿರುಗಿತ್ತೇ, ಹೆಡ್‌ರೆಸ್ಟ್ ಎಷ್ಟು ದೂರವಿತ್ತು ಎಂಬುದು ಬಂಪರಿನ ಫೋಟೊದಲ್ಲಿ ಸಿಗುವುದಿಲ್ಲ. ಡಿಕ್ಕಿಯಿಂದಾದ ವೇಗ ಬದಲಾವಣೆ ಗಂಟೆಗೆ 10 ಕಿ.ಮೀ.ಗಿಂತ ಕಡಿಮೆಯಿದ್ದರೆ ಕತ್ತಿಗೆ ಗಾಯವಾಗದು ಎಂಬ ಸಿದ್ಧಸೂತ್ರವನ್ನು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2003ರಲ್ಲೇ ತಳ್ಳಿಹಾಕಿ, ಪ್ರತಿ ಪ್ರಕರಣವನ್ನೂ ಬಿಡಿಯಾಗಿ ನೋಡಬೇಕೆಂದಿತು. ತೀರ್ಪು ಬಂದು ಇಷ್ಟು ವರ್ಷಗಳಾದ ಮೇಲೆ ಅದೇ ಸೂತ್ರ ತಂತ್ರಾಂಶದೊಳಗೆ ಸೇರಿಕೊಂಡರೆ ಅದು ಅನ್ಯಾಯವೇ.

ಪರಿಹಾರದ ಮೊತ್ತವನ್ನು ಮಾದರಿ ಕಲಿಯುವುದು ಹಳೆಯ ಇತ್ಯರ್ಥಗಳಿಂದ. ಅವುಗಳಲ್ಲಿ ದಾಖಲಾಗಿರುವುದು ಕೊಟ್ಟ ಹಣ, ಆದ ಹಾನಿಯಲ್ಲ. ಕೈಯಲ್ಲಿ ಕಾಸಿಲ್ಲದೆ ಕಡಿಮೆಗೆ ಒಪ್ಪಿಕೊಂಡವರ ಅಂಕಿಗಳೇ ಮುಂದಿನವರಿಗೆ ಅಳತೆಗೋಲಾಗುತ್ತವೆ. ಈ ಚಿಂತೆ ಕೃತಕ ಬುದ್ಧಿಮತ್ತೆಗಿಂತ ಹಳೆಯದು. ಅಮೆರಿಕದ ಆಲ್‌ಸ್ಟೇಟ್ ಕಂಪನಿ ಗಾಯದ ಕ್ಲೇಮುಗಳಿಗೆ ಕೊಲೋಸಸ್ ಎಂಬ ತಂತ್ರಾಂಶ ಬಳಸಿದ ರೀತಿಯ ಕುರಿತು ಹಲವು ರಾಜ್ಯಗಳ ನಿಯಂತ್ರಕರು ತನಿಖೆ ನಡೆಸಿದ್ದರು; 2010ರಲ್ಲಿ ಕಂಪನಿ 1 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು.

ಮೋಸ ಪತ್ತೆಯ ಅಂಕದಲ್ಲಿ ಪ್ರಾಮಾಣಿಕರು ಹೇಗೆ ಸಿಕ್ಕಿಬೀಳುತ್ತಾರೆ? 10,000 ಕ್ಲೇಮುಗಳಲ್ಲಿ 200 ಸುಳ್ಳು ಎಂದಿಟ್ಟುಕೊಳ್ಳಿ. ಮಾದರಿ ಸುಳ್ಳುಗಳಲ್ಲಿ ಶೇ 90ರಷ್ಟನ್ನು ಹಿಡಿಯುತ್ತದೆ, ನಿಜವಾದವುಗಳಲ್ಲಿ ಶೇ 5ರಷ್ಟನ್ನು ತಪ್ಪಾಗಿ ಶಂಕಿಸುತ್ತದೆ ಎನ್ನೋಣ. ಆಗ ಸಿಕ್ಕಿಬಿದ್ದ 670ರಲ್ಲಿ 180 ಮಾತ್ರ ಸುಳ್ಳು, 490 ಮಂದಿ ನಿಜವಾದ ಗಾಯಾಳುಗಳು. ಕೇಳಲು ಚೆನ್ನಾಗಿರುವ ಶೇ 90ರ ಹಿಂದೆ ತಿಂಗಳುಗಟ್ಟಲೆ ಹಣಕ್ಕಾಗಿ ಕಾಯುವ ಇಷ್ಟು ಜನ ಇರಬಹುದು.

ಕ್ಲೇಮು ತಿರಸ್ಕೃತವಾದರೆ ಅಥವಾ ಮೊತ್ತ ತೀರ ಕಡಿಮೆ ಎನಿಸಿದರೆ ಮೂರು ವಿಷಯಗಳನ್ನು ಲಿಖಿತವಾಗಿ ಕೇಳಿ: ಯಾವ ದಾಖಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು, ಯಾವ ಗಾಯಗಳನ್ನು ನಮೂದಿಸಿಕೊಂಡರು, ಮನುಷ್ಯರು ಪರಿಶೀಲಿಸಿದ್ದಾರೆಯೇ. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮದ 22ನೇ ವಿಧಿ ಪೂರ್ತಿ ಯಂತ್ರದ ನಿರ್ಧಾರಗಳ ವಿರುದ್ಧ ರಕ್ಷಣೆ ಕೊಡುತ್ತದೆ. ಕಾನೂನು ಬೇರೆಯಿರುವ ಕಡೆಯೂ ಈ ಪ್ರಶ್ನೆಗಳನ್ನು ಕೇಳಲು ಅಡ್ಡಿಯಿಲ್ಲ. ಉತ್ತರ ಬಂದ ಮೇಲೆ ನಿಮ್ಮ ಕಾಗದಗಳ ಜೊತೆ ಸಾಲುಸಾಲಾಗಿ ತಾಳೆ ನೋಡಿ. ಕೈಬರಹದ ಚೀಟಿ, ಮಸುಕಾದ ಸ್ಕ್ಯಾನ್, ಬಿಟ್ಟುಹೋದ ಹಿಂಬದಿಯ ಪುಟ ಇವನ್ನು ತಂತ್ರಾಂಶ ತಪ್ಪಾಗಿ ಓದಿರಬಹುದು, ಓದದೆಯೂ ಇರಬಹುದು. ಟೈಪ್ ಮಾಡಿಸಿ, ಪುಟಸಂಖ್ಯೆ ಹಾಕಿ ಮತ್ತೆ ಕಳಿಸಿ. ಗಾಯ ಒಂದು ಸ್ಥಿತಿಗೆ ಬಂದು ನಿಂತಿದೆ ಎಂದು ವೈದ್ಯರು ಹೇಳುವವರೆಗೆ ‘ಪೂರ್ಣ ಮತ್ತು ಅಂತಿಮ’ ಎಂಬ ಇತ್ಯರ್ಥ ಪತ್ರಕ್ಕೆ ಸಹಿ ಹಾಕಬೇಡಿ.