ಬಾಗಿಲ ಹಿಂದಿನ ಮೊಳೆ

"ರೋಗಿಗಳ ಅಭಿಪ್ರಾಯ ತಗೊಂಡಿದ್ದೀವಿ ಸಾರ್" ಅಂತ ಫೈಲು ಮುಂದಿಡುವ ಕಿರಿಯ ವೈದ್ಯಾಧಿಕಾರಿಗಳನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಪಾಪ ಅಂತಲೂ ಅನಿಸುತ್ತದೆ. ಫೈಲಿನಲ್ಲಿ ನಲವತ್ತು ಫಾರಂ. ನಲವತ್ತರಲ್ಲೂ 'ಸೇವೆ ತೃಪ್ತಿಕರವಾಗಿದೆಯೇ' ಎಂಬುದರ ಮುಂದೆ ಟಿಕ್ಕು. ಅರ್ಧಕ್ಕರ್ಧ ಟಿಕ್ಕುಗಳು ಒಂದೇ ಪೆನ್ನಿನವು, ಒಂದೇ ಕೈಯವು. ಬೈಯಲು ಬಾಯಿ ಬರುವುದಿಲ್ಲ. ಅಂಥ ಫಾರಂಗಳನ್ನು ಸೇವೆಯಲ್ಲಿದ್ದಾಗ ನಾನೂ ತುಂಬಿಸಿದ್ದೇನೆ.

ಕಾಗದದ ಮೇಲೆ ನಮಗೆ ಕೊರತೆಯೇನೂ ಇಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಆಸ್ಪತ್ರೆಗೊಂದು ರೋಗಿ ಕಲ್ಯಾಣ ಸಮಿತಿ ಇರಬೇಕು ಎಂದಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಆರೋಗ್ಯ ರಕ್ಷಾ ಸಮಿತಿ ಅಂತ ಹೆಸರು. ಊರ ಮಟ್ಟದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಬೇರೆ. ಅದರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ತಿಂಗಳಿಗೊಮ್ಮೆ ಸಭೆ ಸೇರಬೇಕು, ಖರ್ಚಿಗೆ ವರ್ಷಕ್ಕೆ 10,000 ರೂಪಾಯಿ. (ಮೊತ್ತ, ನಿಯಮ ಆಗಾಗ ಬದಲಾಗುತ್ತವೆ. ನಿಮ್ಮ ಜಿಲ್ಲೆಯ ಸುತ್ತೋಲೆ ನೋಡಿಕೊಂಡೇ ಮುಂದುವರಿಯಿರಿ, ನನ್ನ ಮಾತು ನಂಬಿ ಬಿಲ್ ಬರೆಯಬೇಡಿ.) ಸಮಿತಿಯೂ ಇದೆ, ನಡಾವಳಿ ಪುಸ್ತಕವೂ ಇದೆ. ಇಲ್ಲದಿರುವುದು ರೋಗಿ. ಸಮಿತಿಯಲ್ಲಿ 'ರೋಗಿಗಳ ಪರವಾಗಿ' ಕೂತ ಗಣ್ಯರು ಕೆಮ್ಮು ಬಂದರೂ ಕಾರು ಹತ್ತಿ ಜಿಲ್ಲಾ ಕೇಂದ್ರದ ನರ್ಸಿಂಗ್ ಹೋಂಗೆ ಹೋಗುವವರು. ಒಳ್ಳೆಯ ಜನವೇ, ದಾನಿಗಳೇ. ಆದರೆ ನಮ್ಮ ಚೀಟಿ ಸಾಲಿನಲ್ಲಿ ಒಂದು ದಿನವೂ ನಿಂತವರಲ್ಲ.

ತರಬೇತಿಗೆ ಹೋದ ಕಡೆಯೆಲ್ಲ ನಾನು ಹೇಳಿ ಹೇಳಿ ಸಾಕಾಗಿರುವ ಮಾತು ಒಂದೇ. 'ಹೇಗಿತ್ತು' ಅಂತ ಕೇಳಿದರೆ ಅದು ರೋಗಿಯನ್ನು ಕೇಳಿದ ಹಾಗಲ್ಲ. ಬಡಿಸಿದವರೇ ಎಲೆ ಮುಂದೆ ನಿಂತು "ಸಾರು ಹೇಗಿದೆ?" ಅಂದರೆ ಯಾವ ನೆಂಟ ಉಪ್ಪಿಲ್ಲ ಅಂತಾನೆ? ಅದರಲ್ಲೂ ನಾಳೆ ಅದೇ ಮನೆಗೆ ಉಣ್ಣಲು ಬರಬೇಕಾದವನು? ಇಂಜೆಕ್ಷನ್ ಕೊಟ್ಟ ಸಿಸ್ಟರೇ ಫಾರಂ ಹಿಡಿದು ನಿಂತರೆ "ಚೆನ್ನಾಗೈತೆ ತಾಯಿ" ಅನ್ನುವುದು ಬಿಟ್ಟು ಇನ್ನೇನು ಅಂದಾರು? "ಸರಿ, ಬೇರೆಯವರ ಕೈಲಿ ಕೇಳಿಸ್ತೀವಿ" ಅಂತಾರೆ. ಯಾರು ಕೇಳಿದರೂ ಅಷ್ಟೇ. ಆಸ್ಪತ್ರೆ ಹೇಗಿರಬೇಕು ಎಂಬುದನ್ನು ನಾವು ಮೊದಲೇ ತೀರ್ಮಾನಿಸಿ, ಹಣ ಖರ್ಚು ಮಾಡಿ, ಆಮೇಲೆ ಅಂಕ ಹಾಕಿ ಅಂತ ಕರೆಯುತ್ತಿದ್ದೇವೆ. ಖರ್ಚಿಗೆ ಮುಂಚೆ ಕೇಳಬೇಕು. ಕೇಳುವಾಗಲೂ ಅಭಿಪ್ರಾಯ ಕೇಳಬಾರದು, ಅವರ ಆ ದಿನವನ್ನು ಕೇಳಬೇಕು. ಎಷ್ಟೊತ್ತಿಗೆ ಎದ್ದಿರಿ, ಯಾವ ಬಸ್ಸು, ಎಲ್ಲಿ ಕೂತಿರಿ, ಏನು ತಿಂದಿರಿ, ಯಾರಿಂದ ದುಡ್ಡು ಇಸಕೊಂಡಿರಿ. ಅಭಿಪ್ರಾಯ ಹೇಳಲು ಹೆದರುವ ಜನ ದಿನಚರಿ ಹೇಳಲು ಹೆದರುವುದಿಲ್ಲ.

ಬಯಲುಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಂದರೆ ಪಿಎಚ್‌ಸಿಗೆ ಹೀಗೇ ಹೋಗಿದ್ದೆ. ಅಂದು 9ನೇ ತಾರೀಖು, ಗರ್ಭಿಣಿಯರ ತಪಾಸಣೆಯ ದಿನ. ಮಧ್ಯಾಹ್ನದ ಸಮಿತಿ ಸಭೆಗೆ ಇದ್ದ ವಿಷಯ, ಕಾಯುವ ಜಾಗಕ್ಕೆ ದೊಡ್ಡ ಟೀವಿ. ಅಷ್ಟರೊಳಗೆ ಬೆಂಚಿನ ಮೇಲಿದ್ದ ಏಳು ತಿಂಗಳ ಬಸುರಿಯ ಪಕ್ಕ ಕೂತು, "ಬೆಳಿಗ್ಗೆಯಿಂದ ಏನೇನಾಯ್ತವ್ವ?" ಅಂದೆ. ಬಸ್ಸು, ಚೀಟಿ, ತೂಕ, ಬೀಪಿ ಎಲ್ಲ ಹೇಳಿ ಮೂತ್ರ ಪರೀಕ್ಷೆಯ ಡಬ್ಬಿಗೆ ಬಂದಳು. "ಒಂದ್ ಕೈಲಿ ಡಬ್ಬಿ, ಒಂದ್ ಕೈಲಿ ಸೀರೆ. ಚೀಲ ಎಲ್ಲಿಕ್ಕನ ಸಾರ್? ನೆಲ ಎಲ್ಲ ನೀರು. ಚೀಲ ಕುತ್ಗೆಗೆ ಹಾಕ್ಕೊಂಡು ತಾಯಿ ಕಾರ್ಡು ಹಲ್ಲಾಗೆ ಕಚ್ಕೊಂಡಿದ್ದೆ." ಹೇಳಿ ತಾನೇ ನಕ್ಕಳು. ಕಾರ್ಡಿನ ಅಂಚಿನಲ್ಲಿ ಹಲ್ಲಿನ ಗುರುತು ಇನ್ನೂ ಒದ್ದೆಯಾಗಿತ್ತು. ಎದ್ದು ಹೋಗಿ ನೋಡಿದೆ. ಹೊಸ ಟೈಲ್ಸು, ಹೊಸ ಬಾಗಿಲು, ಗೋಡೆಯಲ್ಲಿ ಒಂದು ಮೊಳೆಯೂ ಇಲ್ಲ.

ಸಭೆಯಲ್ಲಿ ಮೊಳೆಯ ಮಾತೆತ್ತಿದರೆ ಎಲ್ಲರೂ ನಕ್ಕರು. "ಇದನ್ನೂ ನಡಾವಳಿಯಲ್ಲಿ ಬರೀಬೇಕಾ ಸಾರ್?" ಬರೆಸಿದೆ.

ಲ್ಯಾಬಿನದು ಇದಕ್ಕಿಂತ ಗಂಭೀರ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ ಅಂತ ಶುಗರ್ ಇರುವವರಿಗೆ ಹೇಳಿ ಕಳಿಸುತ್ತೇವೆ. ಅವರ ಬಸ್ಸು ಬರುವುದು ಏಳೂಮುಕ್ಕಾಲಿಗೆ, ಟೆಕ್ನಿಷಿಯನ್ ರಕ್ತ ತೆಗೆಯಲು ಕೂರುವುದು ಹತ್ತಕ್ಕೆ. ಅರವತ್ತು ದಾಟಿದ ಮುದುಕ ಅಷ್ಟು ಹೊತ್ತು ಹಸಿದು ಕೂರುತ್ತಾನೆಯೇ? ಗೇಟಿನ ಹೊರಗೆ ಅರ್ಧ ಟೀ ಕುಡಿದಿರುತ್ತಾನೆ, ಸಕ್ಕರೆ ಹಾಕಿದ್ದೇ. ಕೇಳಿದರೆ ಇಲ್ಲ ಅಂತಾನೆ. ವರದಿಯಲ್ಲಿ ಸಕ್ಕರೆ ಏರಿರುತ್ತದೆ, ನಾವು ಮಾತ್ರೆ ಏರಿಸುತ್ತೇವೆ. ಎಲ್ಲರದೂ ಹೀಗೇ ಅಂತಲ್ಲ. ಒಂದೇ ವರದಿ ನೋಡಿ ಮಾತ್ರೆ ಬದಲಿಸುವುದು ಹೇಗೂ ಸರಿಯಲ್ಲ. ಆದರೆ ಇದು ಯಾವ ತೃಪ್ತಿ ಫಾರಂನಲ್ಲೂ ಸಿಕ್ಕುವ ಸಂಗತಿಯಲ್ಲ. ಅಲ್ಲಿ ವಾರಕ್ಕೆರಡು ದಿನ ಎಂಟಕ್ಕೇ ಲ್ಯಾಬ್ ತೆರೆಯಲು ಟೆಕ್ನಿಷಿಯನ್ ಒಪ್ಪಿದ, ಆ ದಿನ ಬೇಗ ಮನೆಗೆ ಹೋಗುವ ಷರತ್ತಿನ ಮೇಲೆ. ನ್ಯಾಯವಾದದ್ದೇ.

"ಹಾಗಾದ್ರೆ ಔಷಧಿ ಯಾವುದು ಅಂತಲೂ ಅವರನ್ನೇ ಕೇಳೋಣ್ವಾ?" ಅಂತ ಕುಟುಕುವವರು ಪ್ರತಿ ತರಬೇತಿಯಲ್ಲೂ ಒಬ್ಬರಿರುತ್ತಾರೆ. ಇಲ್ಲ ಸ್ವಾಮಿ. ಆ್ಯಂಟಿಬಯಾಟಿಕ್ ಬೇಕೋ ಬೇಡವೋ ಎಂಬುದಕ್ಕೆ ಕೈ ಎತ್ತಿಸಲು ಆಗುವುದಿಲ್ಲ. ಆದರೆ ಬರೆದ ಮಾತ್ರೆ ಹತ್ತು ದಿನಕ್ಕೆ ಕೊಡಬೇಕೋ ಮೂವತ್ತು ದಿನಕ್ಕೋ ಎಂದು ತೀರ್ಮಾನಿಸುವಾಗ, ತಿಂಗಳಿಗೆ ಮೂರು ಸಲ ಕೂಲಿ ಕಳೆದುಕೊಳ್ಳುವವನನ್ನು ಒಂದು ಮಾತು ಕೇಳಿದರೆ ನಿಮ್ಮ ಪದವಿಗೇನೂ ಕುಂದಿಲ್ಲ.

ಕೇಳಿಸಿಕೊಳ್ಳುವುದು ಸುಲಭವೆಂದು ನಾನು ಹೇಳಲಾರೆ. 2007ರಿಂದ 2009ರವರೆಗೆ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಸಮುದಾಯ ಉಸ್ತುವಾರಿಯ ಪ್ರಯೋಗ ನಡೆಯಿತು. ಊರವರೇ ಕೂತು ಆರೋಗ್ಯ ಸೇವೆಗೆ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚುತ್ತಿದ್ದರು. ನಮ್ಮ ಕೇಂದ್ರದ ಹಾಳೆಯಲ್ಲಿ ಮಾತಾಡಿಸುವ ರೀತಿಗೆ ಕೆಂಪು ಬಿತ್ತು. ದಿನಕ್ಕೆ ನೂರೈವತ್ತು ರೋಗಿಗಳನ್ನು ನೋಡುತ್ತಿದ್ದ ನನಗೆ ಕಣ್ಣು ಕತ್ತಲೆ ಬಂದಷ್ಟು ಕೋಪ. ವಾರವಿಡೀ ಬೇಕೆಂದೇ ನಗುನಗುತ್ತಾ ಮಾತಾಡಿಸಿದೆ. "ಡಾಕ್ಟ್ರಿಗೆ ವರ್ಗ ಆಗೈತಂತೆ, ಅದಕ್ಕೇ ಖುಷಿಯಾಗವ್ರೆ" ಅಂತ ಸುದ್ದಿ ಹಬ್ಬಿತು.

ಆ ಬಯಲುಸೀಮೆಯ ಪಿಎಚ್‌ಸಿಗೆ ಮೂರು ತಿಂಗಳ ಮೇಲೆ ಮತ್ತೆ ಹೋಗಿದ್ದೆ. ಟೀವಿ ಬಂದಿತ್ತು. ಮೊಳೆಯೂ ಬಂದಿತ್ತು, ಬಾಗಿಲ ಹಿಂದೆ, ಸರಿಯಾದ ಎತ್ತರಕ್ಕೆ. ಅದಕ್ಕೆ ಶೌಚಾಲಯ ಸ್ವಚ್ಛತೆಯ ತಪಾಸಣಾ ಪಟ್ಟಿಯನ್ನು ರಟ್ಟು ಕಟ್ಟಿ ನೇತು ಹಾಕಿದ್ದರು. ಡಿ ಗ್ರೂಪ್ ನೌಕರನನ್ನು ಕರೆದು ಪಕ್ಕದಲ್ಲಿ ಇನ್ನೊಂದು ಹೊಡೆಸಿ ಬಂದೆ.